ಕುರಮೋಚಿಯ ಸೌಟು

ನಮ್ಮ ಒಸಾಕಾ ಕಂಪನಿಗೆ ಬೇರೆ ಬೇರೆ ಹೆಸರಿನ ನಾಲ್ಕು ಬಗೆಯ ಹೋಟೆಲುಗಳಿವೆ. ಕೋಳಿ ಸುಡುವ ಹೋಟೆಲನ್ನು ಹತ್ತೊಂಬತ್ತು ವರ್ಷ ಆಳಿದವನು ಕುರಮೋಚಿ. ಉಪ್ಪು ತುಸು ಹೆಚ್ಚಾದರೂ ಕಬ್ಬಿಣದ ಸೌಟಿನಿಂದ ಬಾರಿಸುತ್ತಿದ್ದ. ಅಲ್ಲಿ ಅವನ ಕೈಕೆಳಗೆ ಕೆಲಸ ಕಲಿಯುವಾಗ ನನ್ನ ಎಡಗಿವಿ ಕಿವುಡಾದದ್ದು ಆ ಸೌಟಿನಿಂದಲೇ. ನನ್ನ ಜೊತೆಗಿದ್ದ ಸೊನೊಬೆಯ ಮುಂಗೈ ಮೇಲೆ ಅವನು ಕಾದ ಕಡ್ಡಿಯಿಂದ ಎಳೆದ ಬರೆ ಇನ್ನೂ ಮಾಸಿಲ್ಲ.

ಈ ಏಪ್ರಿಲ್‌ನಲ್ಲಿ ಕಂಪನಿ ಅವನನ್ನು ನಮ್ಮ ನೂಡಲ್ಸ್ ಹೋಟೆಲಿಗೆ ವರ್ಗ ಮಾಡಿತು. ನಾವಿಬ್ಬರೂ ಅವನಿಗಿಂತ ಮೊದಲೇ ಇಲ್ಲಿಗೆ ಬಂದವರು; ಈಗ ಇಲ್ಲಿನ ಅಡುಗೆಮನೆಗೆ ಸೊನೊಬೆಯೇ ಯಜಮಾನಿ. ಕಂಪನಿಯ ನಿಯಮದಂತೆ, ಎಷ್ಟೇ ಹಳಬನಾದರೂ ಹೊಸ ಹೋಟೆಲಿನಲ್ಲಿ ಅವನು ಎಲ್ಲರಿಗಿಂತ ಕಿರಿಯ.

ಕೆಂಡದ ಮುಂದೆ ಬೆಳೆದ ಮನುಷ್ಯ; ಮೊದಲ ದಿನವೇ ಉರಿ ಏರಿಸಿ, ಸಣ್ಣ ಉರಿಯಲ್ಲೇ ಇಡಬೇಕಾದ ನೂಡಲ್ಸಿನ ತಿಳಿಸಾರನ್ನು ಕೊತಕೊತ ಕುದಿಸಿದ. ಹಂಡೆ ಸಾರೆಲ್ಲ ಕದಡಿಹೋಯಿತು.

"ಯಾರ್ರೀ ಉರಿ ಹೆಚ್ಚಿಸಿದ್ದು?" ಸೊನೊಬೆ ಕೇಳಿದಳು.

"ನಾನೇ, ಸೊನೊಬೆ-ಸಾನ್." ಗೌರವದಿಂದ 'ಸಾನ್' ಎಂದ ಆ ಬಾಯಿ ಅವಳನ್ನು ಅದುವರೆಗೆ 'ಲೇ' ಎಂದೇ ಕರೆದಿತ್ತು.

"ನೀವು ಕಲಿಸಿದ ಪಾಠ ಮರೆಯಕ್ಕಾಗತ್ತಾ, ಗುರುಗಳೇ?" ಎನ್ನುತ್ತ ಅವಳು ಸೌಟು ಬೀಸಿದಳು. ಅವನ ತುಟಿ ಸೀಳಿತು, ಒಂದು ಹಲ್ಲು ಉದುರಿತು.

ಅಷ್ಟರಲ್ಲಿ ಬಾಗಿಲು ಸರಿಯಿತು. ಗಿರಾಕಿ ಬಂದರೆ ಅಡುಗೆಮನೆಯವರೆಲ್ಲ ಒಟ್ಟಿಗೆ ಕೂಗಲೇಬೇಕು.

"ಬನ್ನಿ, ಬನ್ನಿ!"

ರಕ್ತ ಉಗುಳುತ್ತಲೇ ಎಲ್ಲರಿಗಿಂತ ಜೋರಾಗಿ ಕೂಗಿದವನು ಕುರಮೋಚಿ.

ಸೊನೊಬೆ ಸೌಟನ್ನು ನನ್ನತ್ತ ಚಾಚಿದಳು. "ನಿನ್ನ ಕಿವಿ ಮರ್ತೋಯ್ತಾ?"

ಮರೆತಿರಲಿಲ್ಲ. ಸೌಟು ಇಸಿದುಕೊಂಡೆ.