ಯೊಕೊಹಾಮಾದಲ್ಲಿ ಹುಳ ಹಣ್ಣಾದ ದಿನ

ಬಂದರಿನ ಎದುರಿಗಿದ್ದ ಆ ಹಳೆಯ ಹೋಟೆಲಿನ ಕಿಟಕಿಯಲ್ಲಿ ಅವ್ವ ಬೆಳಗಿನಿಂದಲೂ ನಿಂತೇ ಇದ್ದಳು. ಅವಳು ಸಮುದ್ರ ಕಂಡದ್ದು ಯೊಕೊಹಾಮಾಕ್ಕೆ ಬಂದ ಮೇಲೆಯೇ. ನೋಡಲಿ ಎಂದು ನಾನು ಸುಮ್ಮನಿದ್ದೆ. ಕಾಫಿ ಕೊಡಲು ಹತ್ತಿರ ಹೋದರೆ ಅವಳ ಕಣ್ಣು ಕೈಯಲ್ಲಿದ್ದ ಫೋನಿನ ಮೇಲಿತ್ತು.

"ಅಲ್ಲಿ ಈಗ ಎಷ್ಟೊತ್ತು?"

"ಇನ್ನೂ ನಾಲ್ಕೂವರೆ. ಚಿಕ್ಕವ್ವ ಎದ್ದಿರಲ್ಲ ಅವ್ವ."

"ಹುಳ ಹಣ್ಣಾಗೋ ದಿವ್ಸ ಮಲ್ಗಿರ್ತಾಳಾ? ಮಲ್ಗಿದ್ರೆ ಆಯ್ತು ಬುಡು ಕತೆ."

ಮದ್ದೂರು ತಾಲ್ಲೂಕಿನಲ್ಲಿ, ಆತಗೂರಿನ ಕಡೆ ನಮ್ಮ ಊರು. ಅಪ್ಪನದು ಕಬ್ಬಿನ ಗದ್ದೆ, ಅವ್ವನದು ಹುಳಮನೆ. ನಾನು ಹುಟ್ಟುವ ಮೊದಲಿನಿಂದಲೂ ಅವಳು ಮನೆಯ ಹಿಂದೆ ರೇಷ್ಮೆ ಹುಳ ಸಾಕುತ್ತಿದ್ದಾಳೆ. ಈಚೆಗೆ ಒಳಗೆ ಹೋಗಿ ಸೊಪ್ಪು ಹಾಕಿ ಬಂದರೆ ಅವಳಿಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಮಾತಿನ ನಡುವೆ ನಿಂತು ಗೋಡೆ ಹಿಡಿದುಕೊಳ್ಳುತ್ತಾಳೆ. ಮಂಡ್ಯದ ಡಾಕ್ಟರು ಮಾತ್ರೆ ಕೊಟ್ಟರು, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು. ಕೊನೆಗೆ, ಹುಳಮನೆ ಬಿಡದೆ ಇದು ವಾಸಿಯಾಗುವುದಿಲ್ಲ ಎಂದರು. ಅವ್ವ ಆಗಲಿ ಎಂದು ತಲೆಯಾಡಿಸಿ ಬಂದವಳು ಆ ಸಂಜೆಯೇ ಸೊಪ್ಪು ಹಾಕಲು ಒಳಗೆ ಹೋದಳು.

ಬಿಟ್ಟರೆ ಚಿಕ್ಕವ್ವನಿಗೆ ಬಿಡಬೇಕು. ಚಿಕ್ಕವ್ವ ಎಂದರೆ ಚಿಕ್ಕಪ್ಪನ ಹೆಂಡತಿ, ಅವ್ವನ ವಾರಗಿತ್ತಿ. ಮದುವೆಯಾಗಿ ಬಂದ ಲಾಗಾಯ್ತು ಅವಳು ಸೊಪ್ಪು ಕೊಯ್ದಿದ್ದಾಳೆ, ಹುಳದ ಕಸ ತೆಗೆದಿದ್ದಾಳೆ. ಆದರೆ ಹಣ್ಣಾದ, ಎಂದರೆ ಮೇವು ಸಾಕಾಗಿ ಮೈ ಹಳದಿಯಾದ ಹುಳವನ್ನು ಆಯ್ದು, ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ ಅವ್ವ ಅವಳಿಗೆ ಕೊಟ್ಟಿದ್ದೇ ಇಲ್ಲ. ಅವಳಿಗೆ ಕೈಗುಣ ಇಲ್ಲ ಎನ್ನುತ್ತಾಳೆ. ಕೈಗುಣ ಎಂದರೇನು ಎಂದು ಕೇಳಿದರೆ, "ಇದ್ದೋರ್ಗೆ ಗೊತ್ತಾಯ್ತದೆ" ಎನ್ನುತ್ತಾಳೆ.

ನಾನು ಓದಿದ್ದು ನೀರಿನ ರಸಾಯನಶಾಸ್ತ್ರ. ಆ ಹೋಟೆಲಿನಲ್ಲಿ ನಡೆಯುವ ಸಮ್ಮೇಳನವೊಂದಕ್ಕೆ ನನಗೆ ಕರೆ ಬಂದಾಗ ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ ಎಂದೆ. ನಾವು ಹೊರಡುವ ಹೊತ್ತಿಗೆ ಗೂಡು ಮಾರಿ ಮುಗಿದಿರಬೇಕಿತ್ತು. ಮರಿಹುಳ ಬರುವುದೇ ತಡವಾಯಿತು. ಹೊರಟ ದಿನ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಕೊನೆಯ ಸಲ ಪೊರೆ ಬಿಡಲು ಮೇವು ಬಿಟ್ಟು ಅಲ್ಲಾಡದೆ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅವ್ವ ಸೀರೆ ಮಡಚಿಟ್ಟಿದ್ದನ್ನು ಮತ್ತೆ ಹೊರಗೆ ತೆಗೆದಳು. "ಟಿಕೇಟು ಆಗೋಗದೆ, ಓಗು" ಎಂದರು ಅಪ್ಪ. ಈ ಬೆಳೆ ಚಿಕ್ಕವ್ವನ ಕೈಯಲ್ಲಿ ಬಂದರೆ ಅವ್ವ ಹುಳಮನೆ ಬಿಟ್ಟಾಳು, ಕೆಟ್ಟರೆ ಯಾವ ಡಾಕ್ಟರ ಮಾತೂ ನಡೆಯುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸಮ್ಮೇಳನ ಹಿಂದಿನ ದಿನ ಮುಗಿದಿತ್ತು. ಮರುದಿನ ವಿಮಾನ. ನಡುವಿನ ಈ ಒಂದು ದಿನವನ್ನು ನಾನು ಊರು ನೋಡಲೆಂದು ಇಟ್ಟುಕೊಂಡಿದ್ದೆ.

ಹೋಟೆಲನ್ನು ದೊಡ್ಡ ಭೂಕಂಪವೊಂದರ ನಂತರ ಕಟ್ಟಿದ್ದಂತೆ. ಅಗಲವಾದ ಕಲ್ಲಿನ ಮೆಟ್ಟಿಲು, ಎತ್ತರದ ಚಾವಣಿ, ಕಪ್ಪು ಮರದ ಭಾರವಾದ ಕುರ್ಚಿಗಳು. ಜನ ಅವುಗಳಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿದ್ದರು. ನಾನೂ ಅವ್ವನನ್ನು ಕೂರಿಸಿದೆ. ತುದಿಯಲ್ಲಿ ಕೂತು ತಕ್ಷಣ ಎದ್ದಳು.

"ಇದ್ರಲ್ಲಿ ಸರ್ಯಾಗಿ ಕೂತ್ರೆ ಎಬ್ಸೋಕೆ ಇಬ್ರು ಬೇಕು ಕಣವ್ವ. ನಡಿ."

ರಸ್ತೆ ದಾಟಿದರೆ ಸಮುದ್ರದ ದಡದುದ್ದಕ್ಕೂ ಉದ್ಯಾನ. ಗುಲಾಬಿ ಪಾತಿಗಳ ಮುಂದೆ ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವ್ವ ಅವುಗಳ ಪಕ್ಕದಲ್ಲಿ, ಬಸ್ಸು ತಪ್ಪಿಹೋಗುವುದೆನ್ನುವಂತೆ ನಡೆದಳು. ದಡಕ್ಕೆ ಕಟ್ಟಿದ್ದ ಹಳೆಯ ಹಡಗಿನ ಮುಂದೆ ಮಾತ್ರ ನಿಂತಳು.

"ಇದು ಯಾವಾಗ ಒರಡ್ತದೆ?"

"ಹೊರಡಲ್ಲ ಅವ್ವ. ನೋಡಕ್ಕೆ ಅಂತ ನಿಲ್ಲಿಸಿದ್ದಾರೆ."

"ಒರಡ್ದಿರೋ ಹಡಗ್ಗೆ ಅಷ್ಟು ದಪ್ಪ ಹಗ್ಗ ಯಾಕೆ?"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಅವಳು ಮತ್ತೆ ಮತ್ತೆ ಮಾಡುತ್ತಿದ್ದ ಫೋನನ್ನು ಅಷ್ಟರಲ್ಲಿ ಚಿಕ್ಕವ್ವ ಎತ್ತಿದಳು.

"ಅಕ್ಕ, ಶುರುವಾಗ್ಯದೆ. ಕಾಲು ಭಾಗ ಹುಳ ಮೈ ಹಳದಿ ತಿರುಗವೆ. ಪಕ್ಕದ ಮನೆಯೋರ್ನೂ ಕರ್ದಿದೀನಿ."

ಅವ್ವ ಸಮುದ್ರಕ್ಕೆ ಬೆನ್ನು ಮಾಡಿ ನಿಂತಳು. "ಒತ್ತೊತ್ತಾಗಿ ಬುಡ್ಬೇಡ ಕಣಮ್ಮಿ, ಎರಡು ಸೇರಿ ಒಂದೇ ಗೂಡು ಕಟ್ಬುಡ್ತವೆ. ಚಂದ್ರಿಕೆ ಓರೆಗೆ ನಿಲ್ಸು, ಹುಳದ ಉಚ್ಚೆ ಇಳಿಬೇಕು. ಹಣ್ಣಾಗ್ದೆ ಇರೋದ್ನ ಕೀಳ್ಬೇಡ. ಕೈ ತೊಳ್ದಾ?"

"ಅಕ್ಕ, ಒಂದ್ ಕೈಲಿ ಫೋನು, ಒಂದ್ ಕೈಲಿ ಹುಳ, ಆಯ್ತದಾ? ಫೋನು ಕಿಟ್ಕೀಲಿ ಮಡುಗ್ತೀನಿ. ನೀನು ಜಪಾನ್ ನೋಡೋಗು."

ಆಮೇಲೆ ಚಿಕ್ಕವ್ವ ಫೋನು ಎತ್ತಲಿಲ್ಲ. ಚೀನೀ ಪೇಟೆಯ ಕೆಂಪು ಕಮಾನಿನ ಕೆಳಗೆ ನಿಂತು ಅವ್ವ ಫೋನು ಮಾಡಿದಳು; ಊಟಕ್ಕೆ ಕೂತಾಗ, ಅನ್ನಕ್ಕೆ ಊರಿನಿಂದ ತಂದ ಉಪ್ಪಿನಕಾಯಿ ಕಲಸಿಕೊಂಡು ಎಡಗೈಯಲ್ಲಿ ಮಾಡಿದಳು. ರಿಂಗಾಗಿ ನಿಂತುಹೋಗುತ್ತಿತ್ತು. ನಾನು ಅವಳಿಗೆ ಕಾಣದಂತೆ ಅಪ್ಪನಿಗೆ ಅಲ್ಲಿ ಹವಾ ಹೇಗಿದೆ ಎಂದು ಸಂದೇಶ ಕಳಿಸಿದೆ. ಗೂಡು ಕಟ್ಟುವಾಗ ತೇವ ಹಿಡಿದರೆ ನೂಲು ಬಿಚ್ಚುವುದಿಲ್ಲ. "ಮೋಡ ಅದೆ" ಎಂದು ಉತ್ತರ ಬಂತು. ಫೋನನ್ನು ಚೀಲಕ್ಕೆ ಹಾಕಿಕೊಂಡೆ. ತಟ್ಟೆಯಲ್ಲಿದ್ದುದನ್ನು ತಿಂದು ಮುಗಿಸಲು ನನಗೂ ಆಗಲಿಲ್ಲ.

ಅಲ್ಲಿಂದ ನಾನೇ ಮುಂದಾಗಿ ಬೇಗ ಬೇಗ ನಡೆಸಿದೆ. ಗೋಪುರ, ಹಳೆಯ ಇಗರ್ಜಿ, ಗಿಂಕೊ ಮರಗಳ ಸಾಲು. ಒಂದನ್ನು ನೋಡುವಾಗ ಮುಂದಿನದರ ದಾರಿ ಹುಡುಕುತ್ತಿದ್ದೆ. ಹಾಗೆ ತಿರುಗಿ ತಿರುಗಿ ಮತ್ತೆ ಹೋಟೆಲಿನ ರಸ್ತೆಗೇ ಬಂದೆವು. ಅಲ್ಲೇ ಹತ್ತಿರದಲ್ಲಿ ರೇಷ್ಮೆಯದೊಂದು ವಸ್ತು ಸಂಗ್ರಹಾಲಯವಿದೆ. ಒಂದು ಕಾಲಕ್ಕೆ ಜಪಾನಿನ ರೇಷ್ಮೆಯೆಲ್ಲ ಈ ಬಂದರಿನಿಂದಲೇ ಹಡಗು ಹತ್ತುತ್ತಿತ್ತು. ಈ ದಿನ ಅವ್ವನನ್ನು ಅಲ್ಲಿಗೆ ಕರೆದೊಯ್ಯುವುದೋ ಬೇಡವೋ ಎಂದು ಬೆಳಗಿನಿಂದ ತೀರ್ಮಾನಿಸಲಾಗಿರಲಿಲ್ಲ. ಹೊರಗಿನ ಚಿತ್ರದಲ್ಲಿ ಹುಳ ಕಂಡು ಅವಳೇ ಒಳಗೆ ನಡೆದಳು.

ನೂಲು ಬಿಚ್ಚುವ ಹಳೆಯ ರಾಟೆಗಳ ಮುಂದೆ ಆ ದಿನ ಮೊದಲ ಬಾರಿಗೆ ನಿಧಾನವಾದಳು. ಗಾಜಿನಾಚೆಗಿದ್ದ ಬಟ್ಟೆಗಳಿಗೆ ಮೂಗು ತಾಗಿಸುವಷ್ಟು ಹತ್ತಿರ ಬಗ್ಗಿದಳು. ಕೊನೆಯ ಕೋಣೆಯ ಬಾಗಿಲಿಗೆ ಬಂದವಳು ಗಕ್ಕನೆ ನಿಂತಳು. ಒಳಗೆ ಮೇಜಿನ ಮೇಲೆ ತಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಜೀವಂತ ಹುಳ.

"ಬಾ ಅವ್ವ."

"ನಾನು ಬರಂಗಿಲ್ಲ. ನಮ್ಮಟ್ಟೀಲಿ ಹುಳ ಅವೆ."

ಹುಳವಿರುವ ಮನೆಯವರು ಇನ್ನೊಬ್ಬರ ಹುಳಮನೆ ಹೊಗಬಾರದು, ಅಲ್ಲಿನ ರೋಗ ಇಲ್ಲಿಗೆ ಹತ್ತುತ್ತದೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬೆಳೆ ಇರುವಾಗ ಅವ್ವ ತನ್ನ ಸ್ವಂತ ಅಕ್ಕನನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದಾಳೆ.

"ಅದು ಅಲ್ಲಿದೆ, ನಾವಿಲ್ಲಿದ್ದೀವಿ. ಮಧ್ಯ ಸಮುದ್ರ ಇದೆ."

"ನಾಳಿದ್ದು ಇದೇ ಮೈಯಲ್ಲಿ ನಾನು ಒಳಿಕ್ಕೆ ಓಗ್ಬೇಕಲ್ಲ. ಗೂಡು ಬುಡ್ಸೋರ್ಯಾರು?"

ಊರಿಗೆ ಕಾಲಿಟ್ಟ ಕೂಡಲೇ ಹುಳಮನೆಗೆ ಹೋಗುವುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಬಹುಶಃ ಹೊರಡುವಾಗಲೇ.

ತಟ್ಟೆಯ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನಮ್ಮನ್ನು ನೋಡಿ ಎದ್ದಳು. ಒಂದು ಹುಳವನ್ನು ಎಲೆಯ ಸಮೇತ ಅಂಗೈ ಮೇಲಿಟ್ಟುಕೊಂಡು ನಗುತ್ತ ಬಾಗಿಲಿಗೆ ಬಂದಳು. ಅವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹೆಜ್ಜೆ ಹಿಂದಿಟ್ಟಳು. ಆಕೆಗೆ ಏನನ್ನಿಸಿತೋ, ಅಯ್ಯೋ ಪಾಪ ಎನ್ನುವಂತೆ ತಲೆಬಾಗಿಸಿ, ಹುಳವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಹಿಂದಕ್ಕೆ ಹೋದಳು.

"ನಾನು ಹುಳ ಕಂಡು ಎದರ್ಕೊಂಡೆ ಅನ್ಕೊಂಡ್ಲಾ ಇವ್ಳು?" ಅವ್ವನ ಮುಖ ಕೆಂಪಾಯಿತು. "ಹೇಳು ಅವ್ಳಿಗೆ."

ಹೇಳುವಷ್ಟು ಜಪಾನಿ ಭಾಷೆ ನನ್ನಲ್ಲಿರಲಿಲ್ಲ. ಮಾತು ಹುಡುಕುತ್ತಿರುವಾಗಲೇ ಅವ್ವನ ಫೋನು ಬಡಿದುಕೊಂಡಿತು. ಚಿಕ್ಕವ್ವ, ವಿಡಿಯೊದಲ್ಲಿ. ಬೆವರಿದ ಮುಖ, ಹಣೆಗೆ ಅಂಟಿದ ಕೂದಲು.

"ಮುಕ್ಕಾಲು ಬುಟ್ಟಾಯ್ತು ಕಣಕ್ಕ. ಮಿಕ್ಕಿದ್ದು ಸಂಜೆಗೆ."

ಅವ್ವ ಪರದೆಯನ್ನು ಕಣ್ಣಿಗೆ ಹಿಡಿದುಕೊಂಡಳು. "ಇದೇನಮ್ಮಿ, ಚಂದ್ರಿಕೆ ಪಡಸಾಲೇಲಿ ನಿಲ್ಸಿದೀಯ? ಮನೆಯೊಳಗಾ?"

"ಮೋಡ ಮುಚ್ಕೊಂಡಿತ್ತು. ಹುಳಮನೇಲಿ ಒಂದೇ ತೇವ, ಇಲ್ಲಾದ್ರೆ ಗಾಳಿ ಆಡ್ತದೆ. ಕೇಳುದ್ರೆ ನೀನು ಬ್ಯಾಡ ಅಂತಿದ್ದೆ. ಅದ್ಕೇ ಫೋನ್ ಎತ್ಲಿಲ್ಲ."

ಅವ್ವ, "ಅತ್ರ ಹಿಡಿ" ಎಂದಳು. ಪರದೆಯ ತುಂಬ ಬಿದಿರಿನ ಸುತ್ತುಗಳು. ಹುಳ ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಕೆಲವು ಆಗಲೇ ಸಣ್ಣ ಎಳೆಗಳ ನಡುವೆ ಮಸುಕಾಗಿದ್ದವು. ಅವ್ವ ಬಹಳ ಹೊತ್ತು ನೋಡಿದಳು.

"ಒತ್ತಾಗಿ ಬುಟ್ಟಿಲ್ಲ" ಎಂದಳು ಕೊನೆಗೆ. "ಊಟ ಮಾಡ್ದಾ?"

"ಎಲ್ಲಿಂದ ಬತ್ತದೆ ಊಟ? ಮಡುಗು ಫೋನು."

ಅವ್ವ ಫೋನನ್ನು ನನ್ನ ಕೈಗೆ ಕೊಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲು ದಾಟಿ ನೇರ ಮೇಜಿನ ಹತ್ತಿರ ಹೋಗಿ, ಆ ಹೆಂಗಸಿನ ಮುಂದೆ ಅಂಗೈ ಚಾಚಿದಳು. ಆಕೆ ಅನುಮಾನದಿಂದ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಹುಳ ಅವ್ವನ ಕೈಗೆ ಬಂತು. ಅವಳು ಅದನ್ನು ಬೆಳಕಿಗೆ ಹಿಡಿದು, ಬೆನ್ನಿನ ಮೇಲೆ ಒಂದು ಬೆರಳು ಸವರಿ, ತಿರುಗಿಸಿ ನೋಡಿದಳು. ಆ ಹೆಂಗಸು ನಗುವುದನ್ನು ಬಿಟ್ಟು ಅವಳ ಬೆರಳನ್ನೇ ನೋಡತೊಡಗಿದಳು.

"ಹುಳ ಮುಟ್ಟಿದ್ದಾಯ್ತು" ಎಂದಳು ಅವ್ವ, ನನ್ನ ಕಡೆ ತಿರುಗದೆ. "ಇನ್ನು ಈ ಬೆಳೆ ಮುಗಿಯೋಗಂಟ ನಾನು ಹುಳಮನೆ ಬಾಗ್ಲು ತುಳಿಯಂಗಿಲ್ಲ, ಚಂದ್ರಿಕೆ ಮುಟ್ಟಂಗಿಲ್ಲ. ಗೂಡು ಅವ್ಳೇ ಬುಡುಸ್ಕಳ್ಳಿ."

"ಮುಂದಿನ ಬೆಳೆ?"

ಹುಳ ಅವಳ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆ ಹರಿಯುತ್ತಿತ್ತು.

"ಇದು ಎಷ್ಟನೇ ಜ್ವರ ಎದ್ದದೆ, ಕೇಳವ್ಳನ್ನ" ಎಂದಳು.