ಶ್ರೀಮಂತರ ತುಕ್ಕು ಹಿಡಿದ ಟ್ರ್ಯಾಲಿ

ಬೆಳಗಿನ ಐದೂವರೆ. ಶಹಾಪುರದ ಗ್ಯಾರೇಜೊಂದರ ಶಟರ್ ಅರ್ಧ ಮಾತ್ರ ತೆರೆದಿದೆ. ಒಳಗೆ ನೆಲದ ಮೇಲೆ ಕುಳಿತ ಶ್ರೀಮಂತ, ಒಂದಡಿ ಉದ್ದದ ತಗಡಿನ ಟ್ರ್ಯಾಕ್ಟರ್ ಟ್ರ್ಯಾಲಿಯ ಮಾದರಿಯ ಮೇಲೆ ಉಪ್ಪಿನ ಹರಳು ಕೂರಿಸುತ್ತಿದ್ದಾರೆ. ಕೆಳಗೆ ತುಕ್ಕಿನ ಕಂದು ಬಣ್ಣ ಆಗಲೇ ಒಣಗಿದೆ. ಇದರ ಮೇಲೆ ನೀಲಿ ಹೊಡೆದು, ಅದೂ ಒಣಗಿದ ನಂತರ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ, ಉಪ್ಪು ಕೂತಲ್ಲೆಲ್ಲ ನೀಲಿ ಕಿತ್ತು ಬಂದು ತುಕ್ಕು ಇಣುಕುತ್ತದೆ.

"ಎಲ್ಲಾ ಕಡಿ ಕಿತ್ತರ ಸುಳ್ಳು ಕಾಣ್ತದ್ರಿ," ಎನ್ನುತ್ತಾರೆ ಅವರು. "ಮಂದಿ ಕಾಲಿಟ್ಟು ಹತ್ತೋ ಜಾಗ, ಬುಟ್ಟಿ ತಿಕ್ಕೋ ಅಂಚು, ಕೊಂಡಿ. ಬಣ್ಣ ಅಲ್ಲೇ ಹೋಗೋದು."

ನಲವತ್ತನಾಲ್ಕರ ಶ್ರೀಮಂತ ಸುರಪುರ ತಾಲ್ಲೂಕಿನವರು. ಇಪ್ಪತ್ತಾರು ವರ್ಷಗಳಿಂದ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದಾರೆ. ಗ್ಯಾರೇಜಿನ ಕೆಲಸ ಎಂಟೂವರೆಗೆ ಶುರು. ಅದಕ್ಕೂ ಮೊದಲಿನ ಮೂರು ತಾಸು ಈ ಪುಟ್ಟ ಮಾದರಿಗಳಿಗೆ. ಒಂದಕ್ಕೆ ಇಪ್ಪತ್ತು ದಿನ ಹಿಡಿಯುತ್ತದೆ. ಇದುವರೆಗೆ ಹನ್ನೊಂದು ಮುಗಿಸಿದ್ದಾರೆ. ಕೈಯಲ್ಲಿರುವ ಟ್ರ್ಯಾಲಿಯನ್ನು ಮಾತ್ರ ಎರಡನೇ ಸಲ ಮಾಡುತ್ತಿದ್ದಾರೆ. ಯಾಕೆಂದು ಹೇಳುವಾಗ ದನಿ ಗಡುಸಾಗುತ್ತದೆ.

ಆರು ವರ್ಷದ ಹಿಂದೆ ಒಬ್ಬ ಮಾಲೀಕ ತನ್ನ ಟ್ರ್ಯಾಲಿ ತಂದು ನಿಲ್ಲಿಸಿದ. ತಪಾಸಣೆಗೆ ಹೋಗಬೇಕು, ಸಂಜೆಯೊಳಗೆ ಹೊಸದಾಗಿ ಕಾಣಬೇಕು ಎಂದ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯ ಬುಡ ತುಕ್ಕು ತಿಂದು ಪದರ ಪದರವಾಗಿ ಏಳುತ್ತಿತ್ತು. "ಇದನ್ನ ಕೆರೀಬೇಕ್ರಿ, ವೆಲ್ಡಿಂಗ್ ಮಾಡಿಸ್ಬೇಕು ಅಂದೆ. ನೀ ಬಣ್ಣ ಹೊಡಿಯಾಂವ, ಬಣ್ಣ ಹೊಡಿ ಅಂದ. ಹೊಡದೆ."

ಟ್ರ್ಯಾಲಿ ತಪಾಸಣೆಯಲ್ಲಿ ಪಾಸಾಯಿತು. ಹನ್ನೆರಡನೇ ದಿನ, ಹತ್ತಿ ಬಿಡಿಸಿ ಮರಳುತ್ತಿದ್ದ ಇಪ್ಪತ್ಮೂರು ಹೆಂಗಸರನ್ನು ಹೊತ್ತು ಬರುವಾಗ, ಕೆಂಭಾವಿ ದಾರಿಯಲ್ಲಿ ಕೊಂಡಿ ಮುರಿದು ಕಾಲುವೆಗೆ ಉರುಳಿತು. ಮೂವರು ಸತ್ತರು. ಅದರಲ್ಲಿದ್ದ ಶ್ರೀಮಂತರ ಅಕ್ಕ ಮರಿಲಿಂಗಮ್ಮನ ಎಡಗಾಲು ಹೋಯಿತು. ವಿಚಾರಣೆಗೆ ಬಂದವರ ಮುಂದೆ ಶ್ರೀಮಂತ ಕೊಂಡಿಯ ವಿಷಯವೆಲ್ಲ ಹೇಳಿದರು. ಯಾರೂ ಬರೆದುಕೊಳ್ಳಲಿಲ್ಲ. ಕಾಗದದಲ್ಲಿ ಉಳಿದದ್ದು ಚಾಲಕನ ಅಜಾಗರೂಕತೆ ಎಂಬ ಎರಡು ಪದ. ಮಾಲೀಕ ಈಗ ಬೇರೆ ಟ್ರ್ಯಾಲಿ ಓಡಿಸುತ್ತಿದ್ದಾನೆ.

ಕಳೆದ ಜನವರಿಯಲ್ಲಿ ಯಾದಗಿರಿಯಲ್ಲೊಂದು ರಸ್ತೆ ಸುರಕ್ಷತೆಯ ಪ್ರದರ್ಶನ. ಸಂಘಟಕರು ಕೇಳಿದರೆಂದು ಶ್ರೀಮಂತ ಆ ಟ್ರ್ಯಾಲಿಯ ಮಾದರಿ ಕೊಟ್ಟರು. ಕಿತ್ತ ಬಣ್ಣ, ತುಕ್ಕು, ಸೀಳಿದ ಕೊಂಡಿ ಎಲ್ಲ ಅದರಲ್ಲಿತ್ತು. ಮರುದಿನ ಅಕ್ಕನನ್ನು ಕರೆದುಕೊಂಡು ನೋಡಲು ಹೋದರೆ, ಮೇಜಿನ ಮೇಲೆ ಫಳಫಳ ಹೊಳೆಯುವ ಟ್ರ್ಯಾಲಿ. ಇದ್ದದ್ದರ ಮೇಲೆಯೇ ಸ್ಪ್ರೇ ಹೊಡೆಸಿದ್ದರು.

"ಭಾಳ ಹಳೇದು ಕಾಣ್ತಿತ್ತು. ಅತಿಥಿಗಳು ಬರ್ತಾರ, ಅದಕ್ಕ ಛಂದ ಮಾಡಿಸೀವಿ. ನೀ ಖುಷಿ ಪಡಬೇಕಪ್ಪ," ಎಂದರು ಸಂಘಟಕರೊಬ್ಬರು.

ಮರಿಲಿಂಗಮ್ಮ ಊರುಗೋಲನ್ನು ಮೇಜಿಗೆ ಆನಿಸಿ, ಮಾದರಿ ಎತ್ತಿ ನೋಡಿದರು. "ಇವ್ರೂ ಮ್ಯಾಲ ಬಣ್ಣ ಹೊಡದ್ರಲ್ಲೋ ತಮ್ಮಾ," ಎಂದರು.

ತಮಗೆಂದು ತಂದಿದ್ದ ಸನ್ಮಾನದ ಶಾಲನ್ನು ಶ್ರೀಮಂತ ಮುಟ್ಟಲಿಲ್ಲ. ಅತಿಥಿಗಳ ಎದುರೇ ಮಾದರಿ ತೆಗೆದುಕೊಂಡು ಹೊರಬಂದರು. "ಸಭಾದಾಗ ನಮ್ಮ ಮರ್ಯಾದಿ ಕಳದಿ ಅಂದ್ರು. ಯಾರ ಮರ್ಯಾದಿರಿ? ಮೂರು ಹೆಣ್ಮಕ್ಕಳು ಸತ್ತಾರ."

ಆ ಸಿಟ್ಟು ಆರಿಲ್ಲ. ಆರಲೂಬಾರದು. ತುಕ್ಕು ಕೆರೆಯದೆ ಅವರೀಗ ಯಾವ ಗಾಡಿಗೂ ಬಣ್ಣ ಮುಟ್ಟಿಸುವುದಿಲ್ಲ. ವಾರಕ್ಕೆ ಎರಡು ಮೂರು ಗಿರಾಕಿಗಳು ಬೈದು ಹೋಗುತ್ತಾರೆ. ಗ್ಯಾರೇಜಿನ ಮಾಲೀಕ ಲಾಡ್ಲೇಸಾಬರದು ಒಂದೇ ಮಾತು: "ಹೋಗವ್ರು ಹೋಗ್ಲಿ. ಶ್ರೀಮಂತ ಬ್ಯಾಡಂದ್ರ ಬ್ಯಾಡ."

ಹೊಸ ಮಾದರಿಯನ್ನು ಏನು ಮಾಡುತ್ತೀರಿ ಎಂದರೆ, "ಗಾಡಿ ಪಾಸ್ ಮಾಡೋ ಕಚೇರಿ ಬಾಗಿಲಾಗ ಇಡಾಕ ಅರ್ಜಿ ಕೊಟ್ಟೀನ್ರಿ. ಎರಡು ಸಲ ಬ್ಯಾಡಂದಾರ. ಮೂರನೇದು ಬರ್ಯಾಕತ್ತೀನಿ," ಎನ್ನುತ್ತಾರೆ.

ಹೊರಡುವ ಮೊದಲು, ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ಕೇಳುತ್ತೇನೆ. ಅವರು ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಾರೆ.

"ಹಾಕ್ರಿ. ಆದ್ರ ಬರೇ ಛಂದ ಕೆಲ್ಸಗಾರ ಅಂತ ಹಾಕಬ್ಯಾಡ್ರಿ. ಆ ಕೊಂಡಿಗಿ ಬಣ್ಣ ಹೊಡದಾಂವ ಇವನ ಅಂತ ಅದನೂ ಹಾಕ್ರಿ. ನೀವೊಬ್ಬರಾದ್ರೂ ಬರಕೊಳ್ರಿ."