ಗುಂಡಿ ಡಬ್ಬಿಯಲ್ಲಿ ಸಿಕ್ಕ ಮೌಸಿನ ಗೋಲಿ

ಇವತ್ತಿನ ಬೆಳಗು ಎಲ್ಲ ಬೆಳಗಿನಂತೆಯೇ ಇತ್ತು. ಹಾಲು ಕಾಯಿಸಿದೆ. ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯಲು ಬಿಟ್ಟೆ. ಬಾಗಿಲ ಕೆಳಗಿನಿಂದ ತೂರಿಸಿದ್ದ ಸೊಸೈಟಿಯ ಚೀಟಿ ಓದಿದೆ: ನಾಳೆ ಬೆಳಿಗ್ಗೆ ನೀರು ಬರುವುದಿಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಬಿಡುತ್ತಾರೆ. ನಾಳೆಯೇ ನಮ್ಮವರ ಕಣ್ಣು ತೋರಿಸಲು ಬೊರಿವಲಿಗೆ ಹೋಗಬೇಕು. ಇರಲಿ, ನೋಡೋಣ ಅಂದುಕೊಂಡು ನಾಳೆಗೆ ರವಿಕೆ ತೆಗೆದರೆ ಒಂದು ಹುಕ್ಕು ಕಿತ್ತುಹೋಗಿತ್ತು. ಕಪಾಟಿನ ಮೇಲಿಂದ ಹಳೆಯ ಬಿಸ್ಕತ್ತು ಡಬ್ಬಿ ಇಳಿಸಿದೆ. ನಮ್ಮ ಮನೆಯ ಗುಂಡಿ ಡಬ್ಬಿ ಅದು.

ಹುಕ್ಕು ಸಿಗಲಿಲ್ಲ. ತಳದಲ್ಲಿ, ಮಗಳ ಸ್ಕೂಲ್ ಯೂನಿಫಾರ್ಮಿನ ಬಿಳಿ ಗುಂಡಿಗಳ ನಡುವೆ, ಬೂದು ಬಣ್ಣದ ಗೋಲಿಯೊಂದು ಕೈಗೆ ಸಿಕ್ಕಿತು. ಮೇಲೆ ರಬ್ಬರು, ಒಳಗೆ ಕಬ್ಬಿಣ, ಗಾತ್ರಕ್ಕೆ ಮೀರಿದ ಭಾರ. ಈಗಿನ ಮಕ್ಕಳಿಗೆ ಗೊತ್ತಿರಲಾರದು, ಆಗೆಲ್ಲ ಕಂಪ್ಯೂಟರಿನ ಮೌಸಿನ ಹೊಟ್ಟೆಯಲ್ಲಿ ಇಂಥ ಗೋಲಿ ಇರುತ್ತಿತ್ತು. ಅದು ಉರುಳಿದ ಹಾಗೆ ಪರದೆಯ ಮೇಲೆ ಬಾಣ ಓಡುತ್ತಿತ್ತು. ಸುಮ್ಮನೆ ಮೂಗಿನ ಹತ್ತಿರ ಹಿಡಿದೆ. ಮೂವತ್ತು ವರ್ಷದ ಮೇಲೆ ಅದರಲ್ಲಿ ಏನು ವಾಸನೆ ಉಳಿದೀತು... ಆದರೂ ತಪಕೀರಿನ ಘಾಟು ಹತ್ತಿದಂತಾಗಿ ಮೂಗು ಚುರುಗುಟ್ಟಿತು.

ತಪಕೀರು ಅಂದರೆ ನಸ್ಯದ ಪುಡಿ. ಆ ಶಬ್ದ ನನಗೆ ಕಲಿಸಿದವರು ಎದುರುಮನೆಯ ಅಕ್ಕ.

ಮದುವೆಯಾಗಿ ಮೈಸೂರಿನಿಂದ ಗೋರೆಗಾಂವ್‌ನ ಈ ಬಿಲ್ಡಿಂಗಿಗೆ ಬಂದಾಗ ನನಗೆ ಹಿಂದಿಯೂ ಬರುತ್ತಿರಲಿಲ್ಲ, ಲೋಕಲ್ ಟ್ರೇನು ಹತ್ತುವ ಧೈರ್ಯವೂ ಇರಲಿಲ್ಲ. ಬಾಗಿಲು ತೆರೆದರೆ ಎದುರು ಬಾಗಿಲಲ್ಲಿ ಅಕ್ಕ. ಧಾರವಾಡದ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಕ್ಕಳಿರಲಿಲ್ಲ. ಗಂಡ ಬೆಳಿಗ್ಗೆ ಏಳಕ್ಕೆ ಮಿಲ್ಲಿಗೆ ಹೋದರೆ ರಾತ್ರಿಯೇ ಬರುವುದು. ಮಧ್ಯಾಹ್ನವೆಲ್ಲ ಅಕ್ಕ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತಪಕೀರಿನ ಡಬ್ಬಿಯ ಮುಚ್ಚಳ ಎರಡು ಸಲ ಬೆರಳಿನಿಂದ ತಟ್ಟಿ ತೆಗೆಯುತ್ತಿದ್ದರು. ಎರಡೇ ಸಲ. ಒಂದಲ್ಲ, ಮೂರಲ್ಲ. ಗಂಡಸರ ಮುಂದೆ ಮಾತ್ರ ಆ ಡಬ್ಬಿ ಸೊಂಟದಿಂದ ಹೊರಗೆ ಬರುತ್ತಿರಲಿಲ್ಲ.

ನಮ್ಮ ಬಿಲ್ಡಿಂಗಿಗೆ ಆಗ ನೀರು ಬರುತ್ತಿದ್ದದ್ದು ಹನ್ನೊಂದೂವರೆಯಿಂದ ಹನ್ನೆರಡೂವರೆ. ಸರಿಯಾಗಿ ಮಗಳನ್ನು ಸ್ಕೂಲಿನಿಂದ ಕರೆತರುವ ಹೊತ್ತು. ಯಾರಾದರೂ ಮನೆಯಲ್ಲಿದ್ದು ಡ್ರಮ್ಮು ತುಂಬಿಸದಿದ್ದರೆ ಆ ದಿನ ಪಾತ್ರೆ ತೊಳೆಯಲೂ ನೀರಿಲ್ಲ. ಬಿಲ್ಡಿಂಗಿನಲ್ಲಿ ಎಲ್ಲರೂ ಮಾಡುತ್ತಿದ್ದ ಹಾಗೆ ನಾನೂ ಒಂದು ಕೀ ಎದುರುಮನೆಯಲ್ಲಿ ಕೊಟ್ಟಿದ್ದೆ. ಕೀ ಕೊಡುವುದೆಂದರೆ ಅಷ್ಟೇ, ನೀರಿನ ವಿಷಯ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ನೀ ನಿಶ್ಚಿಂತಿಂದ ಹೋಗವಾ, ನಿನ್ನ ಡ್ರಮ್ ನನ್ನ ಹೊಣಿ” ಎಂದು ಅಕ್ಕ ಕೀಗೆ ಕೆಂಪು ದಾರ ಕಟ್ಟಿ ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದರು.

ಕಂಪ್ಯೂಟರು ನಮ್ಮವರ ಹುಚ್ಚು. ಅಂಗಡಿಯ ಷೋಕೇಸಿನಿಂದ ಬಂದದ್ದಲ್ಲ. ಗ್ರಾಂಟ್ ರೋಡಿನಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ಜೋಡಿಸಿ ಕೊಡುವ ಒಬ್ಬರಿದ್ದರು. ಮರಾಠಿ ಮಾತಾಡುವ ಸಣಕಲು ಮನುಷ್ಯ, ಷರ್ಟಿನ ಜೇಬಿನಲ್ಲಿ ಯಾವಾಗಲೂ ಸ್ಕ್ರೂಡ್ರೈವರು. ನಾವು ಅವರನ್ನು ಕಂಪ್ಯೂಟರ್‌ವಾಲಾ ಅನ್ನುತ್ತಿದ್ದೆವು. ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಅವರೇ ಅದನ್ನು ಕಟ್ಟಿದ್ದು. ನಾಲ್ಕು ವರ್ಷದಲ್ಲಿ ಅದು ಮುದಿಯಾಗಿತ್ತು. ಕ್ಯಾಬಿನೆಟ್ಟಿನ ಒಂದು ಬದಿಯ ತಗಡು ನಿಲ್ಲುತ್ತಿರಲಿಲ್ಲ, ಫ್ಯಾನು ಹಿಟ್ಟಿನ ಗಿರಣಿಯಂತೆ ಗೊರಗುಟ್ಟುತ್ತಿತ್ತು, ಮೌಸಿನ ಪ್ಲಗ್ಗನ್ನು ಹಿಂಭಾಗಕ್ಕೆ ಬಿಗಿಯುವ ಎರಡು ಪುಟ್ಟ ಸ್ಕ್ರೂಗಳು ಎಲ್ಲೋ ಕಳೆದುಹೋಗಿದ್ದವು.

ನಮ್ಮ ಕನ್ನಡ ಸಂಘಕ್ಕೆ ಇಪ್ಪತ್ತೈದು ತುಂಬಿತು. ಸ್ಮರಣ ಸಂಚಿಕೆಯನ್ನು ಪ್ರೆಸ್ಸಿಗೆ ಕೊಡುವ ಬದಲು ಕಂಪ್ಯೂಟರಿನಲ್ಲೇ ಜೋಡಿಸಬಹುದೆಂದು ಯಾರೋ ಹೇಳಿದರು. ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ, ಟೈಪಿಂಗ್ ಬರುತ್ತಿದ್ದದ್ದು ನನಗೆ. ಕೊನೆಯ ಪುಟದಲ್ಲಿ ‘ಅಕ್ಷರ ಜೋಡಣೆ’ ಎಂದು ನನ್ನ ಹೆಸರು ಅಚ್ಚಾಗುತ್ತದೆ ಎಂದು ಕಾರ್ಯದರ್ಶಿಗಳು ಸಭೆಯಲ್ಲಿ ಎಲ್ಲರ ಎದುರು ಹೇಳಿದರು. ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ. ಆ ರಾತ್ರಿ ಮಲಗಿ ಅದು ಯಾವ ಅಕ್ಷರದಲ್ಲಿರಬೇಕು, ದಪ್ಪದ್ದೋ ಸಣ್ಣದ್ದೋ ಎಂದು ಯೋಚಿಸಿದ್ದು ನೆನಪಿದೆ. ನಗು ಬರುತ್ತದೆ ಈಗ...

ಕೀಬೋರ್ಡ್ ನನಗೆ ಕಷ್ಟವಿರಲಿಲ್ಲ. ಪುಟ ಕಟ್ಟಲು ಮೌಸ್ ಬೇಕಿತ್ತು, ಕಂಪ್ಯೂಟರ್‌ವಾಲಾ ಹೊಸದೊಂದನ್ನು ತಂದು ಹಾಕಿದರು. ಅದು ಮಾತ್ರ ನನ್ನ ಕೈಯಲ್ಲಿ ಸೋಪಿನಂತೆ ಜಾರುತ್ತಿತ್ತು. ಅವರೇ ಕಂಪ್ಯೂಟರಿನಲ್ಲಿದ್ದ ಇಸ್ಪೀಟಿನ ಆಟ ತೆಗೆದು ತೋರಿಸಿ, ಒಂದು ವಾರ ಇದನ್ನಾಡಿ, ಎಲೆ ಎಳೆದು ಎಲೆಯ ಮೇಲೆ ಇಡುವುದು ಬಂದರೆ ಎಲ್ಲ ಬಂದ ಹಾಗೆ ಎಂದರು. ಕಾನ್ವೆಂಟಿನಲ್ಲಿ ಬೆಳೆದವಳು ನಾನು, ಇಸ್ಪೀಟೆಂದರೆ ಏನೋ ಸಂಕೋಚ. ಎರಡು ದಿನ ಆಡಿ ಬಿಟ್ಟೆ. ಅಕ್ಕ ನನ್ನ ಹಿಂದೆ ಮಂಚದ ಮೇಲೆ ಕೂತು ನೋಡುತ್ತಿದ್ದರು. “ಕೆಂಪಿನ ಮ್ಯಾಲೆ ಕರಿದು ಹಚ್ಚಬೇಕೇನ?” ಎಂದು ಒಮ್ಮೆ ಕೇಳಿದರು. ಹೌದು ಅಂದೆ. ಅಷ್ಟೇ ಮಾತು.

ಹದಿನೈದು ದಿನ ಕೆಲಸ ಸಲೀಸಾಗಿ ಸಾಗಿತು. ಆಮೇಲೆ ಮೌಸ್ ನಿಲ್ಲತೊಡಗಿತು. ಪರದೆಯ ಮಧ್ಯೆ ಬಾಣ ಕಲ್ಲಾಗಿ ನಿಂತುಬಿಡುವುದು. ಅಲ್ಲಾಡಿಸಿದರೂ ಇಲ್ಲ, ಮೇಜಿಗೆ ಕುಟ್ಟಿದರೂ ಇಲ್ಲ. ಮೊದಲ ಸಲ ಗಾಬರಿಯಾಗಿ ಸ್ವಿಚ್ಚೇ ಆರಿಸಿದೆ, ಇಡೀ ಬೆಳಗಿನ ಕೆಲಸ ಹೋಯಿತು. ಕಂಪ್ಯೂಟರ್‌ವಾಲಾ ಬಂದು, ಮೌಸ್ ಸತ್ತರೂ ಕೀಬೋರ್ಡ್ ಬದುಕಿರುತ್ತದೆ, ಮೊದಲು ಅದರಿಂದಲೇ ಸೇವ್ ಮಾಡಿ ಎಂದು ಎರಡು ಕೀ ತೋರಿಸಿಕೊಟ್ಟರು. ಹಿಂದೆ ಸಡಿಲವಾಗಿದ್ದ ಪ್ಲಗ್ಗನ್ನು ಒತ್ತಿ ಕೂರಿಸಿದರು. ವೈರು ಯಾರೋ ಎಳೆದ ಹಾಗಿದೆ ಎಂದರು. ನಮ್ಮಲ್ಲಿ ಎಳೆಯುವವರು ಯಾರಿದ್ದಾರೆ ಅಂದೆ.

ಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಸಿಸ್ಟರ್ ಒಂದು ಮಾತು ಹೇಳುತ್ತಿದ್ದರು: ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನಲ್ಲ. ಮಗಳ ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಬರೆಯತೊಡಗಿದೆ. ಸೋಮವಾರ ಒಂದು ಗಂಟೆಗೆ ನಿಂತಿತು. ಮಂಗಳವಾರ ಒಂದೂಕಾಲಿಗೆ. ಮೌಸನ್ನು ಮೇಜಿನಿಂದ ಪುಸ್ತಕದ ಮೇಲೆ ಇಟ್ಟು ನೋಡಿದೆ, ನಿಂತಿತು. ಗೋಲಿ ತೆಗೆದು ಸೋಪಿನ ನೀರಲ್ಲಿ ತೊಳೆದೆ, ಎರಡು ದಿನ ಓಡಿ ಮತ್ತೆ ನಿಂತಿತು. ಬೆಳಿಗ್ಗೆ ಹೊತ್ತು ಯಾವತ್ತೂ ನಿಲ್ಲಲಿಲ್ಲ. ಭಾನುವಾರ ಯಾವತ್ತೂ ನಿಲ್ಲಲಿಲ್ಲ. ಅಷ್ಟು ಚೆನ್ನಾಗಿ ಬರೆದಿಟ್ಟು, ಅದರ ಪಕ್ಕದಲ್ಲೇ ನನ್ನ ಕೈಯಾರೆ ಬರೆದಿದ್ದೇನೆ: ‘ಭಾನುವಾರ ಕಾರ್ಖಾನೆಗಳಿಗೆ ರಜೆ, ಕರೆಂಟು ಸರಿಯಿರುತ್ತದೆ.’ ಸಿಸ್ಟರ್ ನೋಡಿದ್ದರೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು.

ಗೋಲಿಯನ್ನು ಮತ್ತೊಮ್ಮೆ ತೆಗೆದಾಗ ಒಳಗಿನ ಪುಟ್ಟ ಉರುಳೆಗಳ ಮೇಲೆ ಕಂದು ಬಣ್ಣದ ಪುಡಿ ಮೆತ್ತಿಕೊಂಡಿತ್ತು. ಹೇರ್‌ಪಿನ್ನಿನಿಂದ ಕೆರೆದು ಕಾಗದದ ಮೇಲೆ ಹಾಕಿ ಮೂಸಿದೆ. ತಂಬಾಕು. ಕಂಪ್ಯೂಟರ್‌ವಾಲಾ ತಂಬಾಕು ತಿನ್ನುವವರು. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವುದನ್ನು ಬಾಲ್ಕನಿಯಲ್ಲಿ ಎಷ್ಟೋ ಸಲ ನೋಡಿದ್ದೆ. ಹಾಗಾದರೆ ಹೊಸದೆಂದು ಹೇಳಿ ತಾನು ಬಳಸಿ ಬಿಟ್ಟ ಮೌಸ್ ಹಾಕಿದ್ದಾನೆ... ನನಗೆ ಅಷ್ಟೇ ತೋಚಿತು. ಎದುರುಮನೆಯ ಡಬ್ಬಿ ದಿನಾ ಕಣ್ಣೆದುರು ಇದ್ದರೂ ಅತ್ತ ಮನಸ್ಸು ಹೋಗಲಿಲ್ಲ. ಮನೆಯವರ ಮೇಲೆ ಸಂಶಯ ಬರುತ್ತದೆಯೇ?

ಕಂಪ್ಯೂಟರ್‌ವಾಲಾ ಬಂದ ದಿನ ಅಕ್ಕನೂ ಇದ್ದರು, ಮಂಚದ ಮೇಲೆ, ಕೈಯಲ್ಲಿ ಚಹಾದ ಲೋಟ. ನಾನು ಕಾಗದ ಬಿಡಿಸಿ ಪುಡಿ ತೋರಿಸಿದೆ. ನನ್ನ ಹರಕು ಹಿಂದಿಯಲ್ಲಿ, ಜೀವಮಾನದಲ್ಲೇ ಮೊದಲ ಸಲ, ಒಬ್ಬ ದುಡಿಯುವ ಮನುಷ್ಯನಿಗೆ, ‘ನೀವು ಮೋಸ ಮಾಡಿದಿರಿ’ ಎಂದೆ. ಅವರು ಪುಡಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ನೋಡಿದರು. ಜೇಬಿನಿಂದ ತಮ್ಮ ಪೊಟ್ಟಣ ತೆಗೆದು ಅದರ ಪಕ್ಕ ಬಿಚ್ಚಿಟ್ಟರು. ಅವರದು ಎಲೆಯ ಚೂರು, ಇದು ಹಿಟ್ಟಿನಷ್ಟು ನುಣ್ಣಗೆ.

“ಭಾಭೀಜಿ, ಯೇ ಮೇರಾ ನಹೀಂ ಹೈ” ಎಂದರು. ಇದು ನನ್ನದಲ್ಲ. ಅಷ್ಟೇ.

ನಾನು ಅಕ್ಕನ ಕಡೆ ನೋಡಿದೆ. ದೊಡ್ಡವರಲ್ಲವೇ, ಒಂದು ಮಾತು ಹೇಳಲಿ ಅಂತ. ಅಕ್ಕ ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ಸರಿಸಿದರು.

“ಈ ಮಂದಿನ ಹಂಗ, ತಂಗಿ. ಹೊಸಾದು ಅಂತ ಹೇಳೂದು, ಹಳೇದು ಕೂಡಸೂದು.”

ಕಂಪ್ಯೂಟರ್‌ವಾಲಾನಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಪೊಟ್ಟಣ ಮಡಚಿ ಜೇಬಿಗಿಟ್ಟರು, ಸ್ಕ್ರೂಡ್ರೈವರು ತೆಗೆದುಕೊಂಡರು, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು. ಮತ್ತೆ ಬರಲಿಲ್ಲ. ನಮ್ಮವರು ಕರೆಯಲು ಹೋದಾಗ ಬಹಳ ಕೆಲಸವಿದೆ ಎಂದು ಮರ್ಯಾದೆಯಿಂದಲೇ ಹೇಳಿ ಕಳಿಸಿದರಂತೆ. ಬೇರೆಯವರು ಕಟ್ಟಿದ ಯಂತ್ರ ರಿಪೇರಿ ಮಾಡಲು ಇನ್ನೊಬ್ಬರು ಒಪ್ಪಲಿಲ್ಲ. ಸಂಚಿಕೆಯ ದಿನ ಹತ್ತಿರ ಬಂತು. ಅರ್ಧ ಕಟ್ಟಿದ ಪುಟಗಳನ್ನು ಕಾರ್ಯದರ್ಶಿಗಳು ಬಂದು ತೆಗೆದುಕೊಂಡು ಹೋಗಿ ಪ್ರೆಸ್ಸಿಗೆ ಕೊಟ್ಟರು. ಕೊನೆಯ ಪುಟದಲ್ಲಿ ಪ್ರೆಸ್ಸಿನ ಹೆಸರು ಬಂತು.

ಅದಾಗಿ ತಿಂಗಳ ಮೇಲೆ ಒಂದು ಬುಧವಾರ. ಮಗಳನ್ನು ಕರೆತರಲು ಹೊರಟವಳು ಗೇಟಿನವರೆಗೆ ಹೋಗಿ, ಅವಳ ರೇನ್‌ಕೋಟು ಮರೆತೆನೆಂದು ಹಿಂದೆ ಬಂದೆ. ಬಾಗಿಲು ಓರೆಯಾಗಿತ್ತು. ಅಡುಗೆಮನೆಯಲ್ಲಿ ಡ್ರಮ್ಮಿಗೆ ನೀರು ಬೀಳುವ ಸದ್ದು, ಕೋಣೆಯಿಂದ ಆ ಗಿರಣಿ ಫ್ಯಾನಿನ ಸದ್ದು. ಅಕ್ಕ ಕುರ್ಚಿಯ ಮೇಲೆ ಕೂರುವವರಲ್ಲ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಮೌಸನ್ನು ಮೇಜಿನಿಂದ ಎಳೆದು ತೊಡೆಯ ಪಕ್ಕ ಮಡಿಸಿದ ಚಾದರದ ಮೇಲೆ ಇಟ್ಟುಕೊಂಡಿದ್ದರು. ವೈರು ಬಟ್ಟೆ ಒಣಗಿಸುವ ಹಗ್ಗದಂತೆ ಬಿಗಿದು ನಿಂತಿತ್ತು. ಪರದೆಯ ತುಂಬ ಇಸ್ಪೀಟು. ಡಬ್ಬಿಯ ಮುಚ್ಚಳಕ್ಕೆ ಎರಡು ಸಲ ತಟ್ಟಿದರು, ಒಂದು ಚಿಟಿಕೆ ಏರಿಸಿದರು, ಅದೇ ಬೆರಳಿನಲ್ಲಿ ಕರಿ ಎಲೆ ಎಳೆದು ಕೆಂಪಿನ ಮೇಲೆ ಇಟ್ಟರು. ಎಷ್ಟು ಸಲೀಸಾಗಿ... ನನಗೆ ಯಾವತ್ತೂ ಬರದಷ್ಟು ಸಲೀಸಾಗಿ.

ನಾನು ಒಳಗೆ ಹೋಗಲಿಲ್ಲ. ಸದ್ದಾಗದಂತೆ ಮೆಟ್ಟಿಲಿಳಿದೆ. ಮಗಳು ನೆನೆದುಕೊಂಡೇ ಮನೆಗೆ ಬಂದಳು.

ಆಡಿದ್ದಕ್ಕೆ ನನಗೆ ಸಿಟ್ಟು ಬಂದಿರಲಿಲ್ಲ, ಇದನ್ನು ಹೇಳಲೇಬೇಕು. ಕೇಳಿದ್ದರೆ ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಎದೆಗೆ ಚುಚ್ಚಿದ್ದು ಆ ಚಹಾದ ಲೋಟ, ಆ ಕೆನೆ, ಆ ಮಾತು. ಒಬ್ಬ ಮನುಷ್ಯ ಪೊಟ್ಟಣ ಬಿಚ್ಚಿಟ್ಟು ನಿಂತಿದ್ದಾಗ ತಮ್ಮ ಡಬ್ಬಿಯನ್ನು ಸೊಂಟದಲ್ಲೇ ಇಟ್ಟುಕೊಂಡು ಕೂತಿದ್ದರಲ್ಲ. ನನ್ನ ಬಾಯಿಂದ ಆ ಮಾತು ಆಡಿಸಿ, ಮೇಲೆ ತಾವೂ ಒಂದು ಸೇರಿಸಿದರಲ್ಲ.

ಕೇಳಲು ನನಗೆ ಆಗಲಿಲ್ಲ. ಸ್ವಭಾವವೇ ಹಾಗೆ. ಮಾರನೆಯ ವಾರ, ಊರಿಂದ ನಮ್ಮತ್ತೆ ಬರುತ್ತಾರೆ, ಅವರಿಗೊಂದು ಕೀ ಬೇಕು ಎಂದು ಸುಳ್ಳು ಹೇಳಿದೆ. ಅಕ್ಕ ಮೊಳೆಯಿಂದ ಕೀ ತೆಗೆದರು. ಕೆಂಪು ದಾರ ಬಿಚ್ಚಿ, ಬರೀ ಕೀ ಮಾತ್ರ ನನ್ನ ಅಂಗೈಯಲ್ಲಿ ಇಟ್ಟರು. ಯಾಕೆ ಎಂದು ಕೇಳಲಿಲ್ಲ. ಅತ್ತೆ ಬಂದರೇ ಎಂದು ಆಮೇಲೂ ಕೇಳಲಿಲ್ಲ. ಮಧ್ಯಾಹ್ನ ಹೊಸ್ತಿಲ ಮೇಲೆ ಬಂದು ಕೂರುವುದು ನಿಂತಿತು. ಎರಡು ವರ್ಷ ಹಾಗೆಯೇ ಎದುರುಬದುರು ಬಾಗಿಲಲ್ಲಿ ಬದುಕಿದೆವು, ಊಟ ಆಯಿತೇ, ಆಯಿತು, ಅಷ್ಟೇ. ಆಮೇಲೆ ಅವರು ಊರಿಗೆ ಹೋದರು. ಹೋಗುವ ದಿನ ನಾನು ಅರಿಶಿನ ಕುಂಕುಮ ಕೊಟ್ಟೆ. ಅವರು ನನ್ನ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ, ಏನೋ ಹೇಳುತ್ತಾರೆ ಎಂದು ಕಾದೆ... ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅಕ್ಕ ತೀರಿಕೊಂಡ ಸುದ್ದಿ ಬಂದದ್ದು ತಿಂಗಳಾದ ಮೇಲೆ.

ಕಂಪ್ಯೂಟರ್‌ವಾಲಾನನ್ನು ಹುಡುಕಿಕೊಂಡು ಒಮ್ಮೆ ನಾನೇ ಗ್ರಾಂಟ್ ರೋಡಿಗೆ ಹೋಗಿದ್ದೆ, ಕ್ಷಮಿಸಿ ಎನ್ನಲು. ಆ ಜಾಗದಲ್ಲಿ ಬೇರೆ ಅಂಗಡಿ ಇತ್ತು. ಯಂತ್ರವನ್ನು ಗುಜರಿಗೆ ಹಾಕುವಾಗ ಗೋಲಿಯನ್ನು ಮಾತ್ರ ತೆಗೆದಿಟ್ಟುಕೊಂಡಿದ್ದೆ. ಯಾಕೋ ಗೊತ್ತಿಲ್ಲ.

ಅಕ್ಕ ಮೋಸ ಮಾಡಿದರು ಎಂದು ಇಷ್ಟು ವರ್ಷ ಎಣಿಸಿಕೊಂಡು ಬಂದಿದ್ದೇನೆ. ಆದರೆ ಅವರು ಹೋದ ಮೇಲೆ ಈ ಮಹಡಿಯಲ್ಲಿ ನನ್ನ ಮನೆಯ ಹೊಸ್ತಿಲ ಮೇಲೆ ಇನ್ನೊಬ್ಬರು ಬಂದು ಕೂತದ್ದಿಲ್ಲ. ಅದೂ ನಿಜ.

ಸಂಜೆ ಹುಕ್ಕು ತರಲು ಕೆಳಗಿಳಿದಾಗ ಗೋಲಿ ಕೈಯಲ್ಲೇ ಇತ್ತು. ಮೊದಲನೇ ಮಹಡಿಯ ಮಂಗಳೂರಿನಾಕೆ ಕಾಂಪೌಂಡಿನ ಬೆಂಚಿನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಆ ಕಾಲದಿಂದ ಈ ಬಿಲ್ಡಿಂಗಿನಲ್ಲಿ ಉಳಿದವರು ನಾವೆರಡು ಮನೆಯವರೇ. ಏನದು ಎಂದರು, ತೋರಿಸಿದೆ. ಅವರ ಮುಖ ಅರಳಿತು.

“ಅಯ್ಯೋ, ಇಸ್ಪೀಟಿನ ಮೌಸಿದ್ದಲ್ವಾ? ನೀವು ಮಗಳನ್ನು ಕರಕೊಂಡು ಬರ್ಲಿಕ್ಕೆ ಹೋದ ಕೂಡಲೇ ನಿಮ್ಮ ಮನೆಯಲ್ಲಿ ನಮ್ಮದು ಕ್ಲಬ್ಬು. ಆ ಅಕ್ಕ ನಮಗೂ ಕಲಿಸಿದ್ರು. ನೀವು ಆ ಮನುಷ್ಯನಿಗೆ ಬೈದ ದಿನ ನಾವೆಲ್ಲ ಇಲ್ಲೇ ಕೂತು ನಕ್ಕದ್ದೇ ನಕ್ಕದ್ದು ಮಾರಾಯ್ರೆ. ಆ ಅಕ್ಕ ಒಬ್ರು ನಗ್ಲಿಲ್ಲ. ಎದ್ದು ಹೋದ್ರು.”

ಅವರು ಒಂದು ಕಾಯಿ ಬಿಡಿಸಿ, ಹುಳ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು.

“ನಾಳೆ ನೀವು ಬೊರಿವಲಿಗೆ ಅಂತೆ ಅಲ್ವಾ? ನೀರು ಹನ್ನೆರಡಕ್ಕೆ. ಕೀ ನನ್ನತ್ರ ಕೊಟ್ಟು ಹೋಗಿ, ತುಂಬಿಸಿ ಇಡ್ತೇನೆ.”